ದೇಶದ ಕಾನೂನು ಕ್ರೈಸ್ತ ನಂಬಿಕೆಯ ಮೇಲೆ ನಿಲ್ಲಬೇಕೇ?

ಪ್ರಶ್ನೆ: ನಾನು ಕಾರವಾರದವಳು, ಕ್ಯಾಥೊಲಿಕ್ ಕುಟುಂಬ. ಹೊರದೇಶದಲ್ಲಿರುವ ನನ್ನ ಅಣ್ಣ ಈ ಸಲ ರಜೆಗೆ ಬಂದಾಗ ಊಟಕ್ಕೆ ಕೂತಲ್ಲಿ ಒಂದು ಮಾತು ತೆಗೆದ. ‘ದೇಶದ ಕಾನೂನು ಕ್ರೈಸ್ತ ನಂಬಿಕೆಯ ಮೇಲೇ ನಿಲ್ಲಬೇಕು. ಕೊಲ್ಲಬೇಡ, ಕದಿಯಬೇಡ ಅನ್ನೋದೆಲ್ಲ ಬೈಬಲಿನಿಂದ ಬಂದದ್ದು ತಾನೇ?’ ಅಂದ. ನನಗೆ ಒಪ್ಪಿಗೆಯಾಗಲಿಲ್ಲ, ಯಾಕೆ ಅಂತ ಹೇಳಲೂ ಬರಲಿಲ್ಲ. ಒಪ್ಪದಿದ್ದರೆ ನನ್ನ ವಿಶ್ವಾಸವೇ ಸಡಿಲ ಅಂತಾಗುತ್ತದೆಯೇ?
– ಹೆಸರು ಬೇಡ, ಕಾರವಾರ

ಉತ್ತರ: ನಿಮ್ಮ ವಿಶ್ವಾಸಕ್ಕೆ ಏನೂ ಆಗಿಲ್ಲ, ಆ ಚಿಂತೆ ಬಿಡಿ. ಸರ್ಕಾರದ ಬಲ ಚರ್ಚಿನ ಕೈಗೆ ಹೋಗಬಾರದು ಎಂದು ಹಟ ಹಿಡಿದವರಲ್ಲಿ ಗಟ್ಟಿ ಕ್ರೈಸ್ತರೇ ಬೇಕಾದಷ್ಟು ಇದ್ದರು. 1801ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ಯಾಪ್ಟಿಸ್ಟರು ಅಧ್ಯಕ್ಷ ಜೆಫರ್ಸನ್‌ಗೆ ಪತ್ರ ಬರೆದು ಸಂಕಟ ತೋಡಿಕೊಂಡರು. ಅಲ್ಲಿ ಇನ್ನೊಂದು ಕ್ರೈಸ್ತ ಪಂಗಡದ ಚರ್ಚು ಸರ್ಕಾರದ ಚರ್ಚಾಗಿತ್ತು. ತಮಗೆ ಸಿಗುತ್ತಿರುವ ಧಾರ್ಮಿಕ ಸ್ವಾತಂತ್ರ್ಯ ಸರ್ಕಾರದ ದಯೆಯಂತೆ ಸಿಗುತ್ತಿದೆ, ಹಕ್ಕಾಗಿ ಅಲ್ಲ ಎಂಬುದು ಅವರ ನೋವು.

ಈಗ ಅಣ್ಣನ ಮಾತಿಗೆ ಬರೋಣ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ನೋಡಿ. ಕೊಲೆ, ಕಳ್ಳತನ, ಸುಳ್ಳು ಸಾಕ್ಷಿ – ಈ ಮೂರು ನಮ್ಮ ಕಾನೂನಿನಲ್ಲೂ ಅಪರಾಧ. ಆದರೆ ಇವು ಜೈನರಿಗೂ ಬೌದ್ಧರಿಗೂ ಪಾಪವೇ, ಯಾವ ದೇವರನ್ನೂ ನಂಬದವನಿಗೂ ತಪ್ಪೇ. ಉಳಿದವುಗಳಲ್ಲಿ ಬೇರೆ ದೇವರನ್ನು ಪೂಜಿಸಬೇಡ ಎನ್ನುವುದನ್ನು ಕಾನೂನು ಮಾಡಿದರೆ ನಿಮ್ಮ ಪಕ್ಕದ ಮನೆಯವರೇ ಅಪರಾಧಿಗಳಾಗುತ್ತಾರೆ. ಪರರ ಸೊತ್ತಿಗೆ ಆಸೆಪಡಬೇಡ ಎನ್ನುವುದು ಮನಸ್ಸಿನ ಮಾತು, ಅದಕ್ಕೆ ಯಾವ ಪೊಲೀಸ್ ಠಾಣೆಯಲ್ಲೂ ದೂರು ದಾಖಲಾಗುವುದಿಲ್ಲ. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಈಗಲೂ ಇದೆ, ಆದರೆ 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅಂದರೆ ಎಲ್ಲರೂ ಒಪ್ಪುವ ಭಾಗಕ್ಕೆ ಬೈಬಲಿನ ಹೆಸರು ಬೇಕಾಗಿಲ್ಲ. ಕ್ರೈಸ್ತರದ್ದು ಮಾತ್ರ ಅನ್ನುವ ಭಾಗವನ್ನು ಎಲ್ಲರ ಮೇಲೆ ಹೇರಲು ಬರುವುದಿಲ್ಲ.

ಹೇರಿದರೆ ಏನಾಗುತ್ತದೆ ಎನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ, ಕಾಳಿ ನದಿ ದಾಟಿ ಗೋವಾಕ್ಕೆ ಹೋದರೆ ಸಾಕು. ಅಲ್ಲಿ 1560ರಿಂದ, ನಡುವೆ ನಾಲ್ಕು ವರ್ಷ ಬಿಟ್ಟರೆ, 1812ರವರೆಗೆ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ನಡೆಯಿತು. 1736ರ ಅದರ ಒಂದು ಆದೇಶ ಮತಾಂತರವಾದವರ ಅಡುಗೆಮನೆಗೇ ನುಗ್ಗಿತು. ಮನೆಯ ಬಳಿ ತುಳಸಿ ಇರಬಾರದು. ಉಪ್ಪು ಹಾಕದೆ ಅನ್ನ ಬೇಯಿಸಬಾರದು, ಯಾಕೆಂದರೆ ಹಿಂದೂಗಳು ಹಾಗೆ ಮಾಡುತ್ತಾರೆ! ಕಾರವಾರ, ಅಂಕೋಲಾ, ಹೊನ್ನಾವರದ ಕಡೆಗೆ ಕೊಂಕಣಿ ಹಿಂದೂಗಳು ಹೊರಟು ಬಂದ ಕಥೆ ಎಲ್ಲರಿಗೂ ಗೊತ್ತು. ಕ್ಯಾಥೊಲಿಕರೂ ಗಂಟುಮೂಟೆ ಕಟ್ಟಿಕೊಂಡು ಇತ್ತ ಬಂದರು ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬರ, ರೋಗ, ಯುದ್ಧ ಇದ್ದವು ನಿಜ, ಈ ಕಾಟವೂ ಒಂದು ಕಾರಣ. ನಿಮ್ಮ ಹಿರಿಯರೂ ಅವರಲ್ಲಿ ಇದ್ದಿರಬಹುದು, ಅಣ್ಣನಿಗೆ ಕೇಳಿ ನೋಡಿ.

ಇದೆಲ್ಲ ಹಳೇ ಕಥೆ ಅಂತ ಅವರು ಹೇಳಬಹುದು. ಹಾಗಾದರೆ ಸವಿತಾ ಹಾಲಪ್ಪನವರ್ ವಿಷಯ ಹೇಳಿ. ನಮ್ಮ ಬೆಳಗಾವಿಯ ಹುಡುಗಿ, ಐರ್ಲೆಂಡಿನಲ್ಲಿ ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿಯಿದ್ದಾಗ ಗರ್ಭಪಾತ ಶುರುವಾಯಿತು. ಮಗು ಉಳಿಯುವುದಿಲ್ಲ ಎಂದು ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಕೇಳಿಕೊಂಡರೂ ಮಗುವಿನ ಎದೆಬಡಿತ ಇದೆ ಎಂದು ತೆಗೆಯಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂದು ಆಕೆಗೆ ಹೇಳಿದ್ದು ವಿಚಾರಣೆಯಲ್ಲಿ ಹೊರಬಂತು. ಸೋಂಕು ರಕ್ತಕ್ಕೇರಿ ಆಕೆ ತೀರಿಕೊಂಡಳು. ಚಿಕಿತ್ಸೆಯಲ್ಲೂ ಲೋಪಗಳಾಗಿದ್ದವು, ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಲಾಗದು. ಆದರೆ ವೈದ್ಯರ ಕೈ ಕಟ್ಟಿದ್ದು 1983ರಲ್ಲಿ ಅಲ್ಲಿನ ಸಂವಿಧಾನಕ್ಕೆ ಸೇರಿಸಿದ ಒಂದು ವಿಧಿ. 2018ರಲ್ಲಿ ಶೇ 66ಕ್ಕೂ ಜಾಸ್ತಿ ಜನ ಅದನ್ನು ತೆಗೆಯಲು ಮತ ಹಾಕಿದರು. ಅವರಲ್ಲಿ ಬಹಳ ಜನ ಕ್ಯಾಥೊಲಿಕರೇ. ಈ ಹೆಣ್ಣುಮಗಳ ಹೆಸರು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಸಂಗತಿ ನನ್ನ ವೃತ್ತಿಗೆ ಸಂಬಂಧಿಸಿದ್ದು. ಕ್ರೈಸ್ತರಿಗೆಂದೇ ಬ್ರಿಟಿಷರು ಮಾಡಿದ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಬಿಡುಗಡೆ ಬೇಕಾದರೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಅಷ್ಟು ಸಾಲದು. ವ್ಯಭಿಚಾರದ ಜೊತೆಗೆ ಕ್ರೌರ್ಯ, ಇಲ್ಲವೇ ಎರಡು ವರ್ಷ ಬಿಟ್ಟುಹೋಗಿರುವುದು, ಹೀಗೆ ಇನ್ನೊಂದನ್ನೂ ಸೇರಿಸಿ ಸಾಬೀತು ಮಾಡಬೇಕಿತ್ತು. ಇಂಗ್ಲೆಂಡು ಈ ಭೇದವನ್ನು 1923ರಲ್ಲೇ ಕೈಬಿಟ್ಟಿತು. ನಮ್ಮಲ್ಲಿ ಸಂಸತ್ತು ಅದನ್ನು ಅಳಿಸಿದ್ದು 2001ರಲ್ಲಿ! ಅಷ್ಟು ವರ್ಷ ತಡವಾದದ್ದಕ್ಕೆ ದೊಡ್ಡ ಕಾರಣ, ಅದು ‘ಧರ್ಮದ ವಿಷಯ’ ಎಂದು ಸರ್ಕಾರಗಳು ಕೈಹಾಕಲು ಹೆದರಿದ್ದು. ಕೊನೆಗೆ ಬದಲಾಗಿದ್ದು ಕ್ರೈಸ್ತ ಹೆಂಗಸರು ಪಟ್ಟು ಹಿಡಿದಿದ್ದರಿಂದ. ಕಾನೂನಿಗೆ ಧರ್ಮದ ಹೆಸರು ಅಂಟಿಕೊಂಡರೆ ಅದನ್ನು ಪ್ರಶ್ನಿಸಿದವರು ಧರ್ಮದ್ರೋಹಿಗಳ ಹಾಗೆ ಕಾಣುತ್ತಾರೆ. ನಿಮಗೆ ಬಂದ ಸಂಶಯವೂ ಅದೇ ಅಲ್ವಾ?

ಹಾಗಂತ ವಿಶ್ವಾಸವನ್ನು ಮನೆಯಲ್ಲಿ ಬಿಟ್ಟು ಮತಗಟ್ಟೆಗೆ ಹೋಗಿ ಎಂದು ಹೇಳುತ್ತಿಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿಗಳ ಹಿರಿಯರಲ್ಲಿ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರು ಬಹಳ. ಗುಲಾಮರ ಒಡೆಯರೂ ಬೈಬಲ್ ಓದುತ್ತಿದ್ದರು. ಗುಲಾಮರ ವ್ಯಾಪಾರ ನಿಲ್ಲಿಸಲು ಬ್ರಿಟಿಷ್ ಸಂಸತ್ತಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಬೈಬಲ್ ಓದಿಯೇ ಎದ್ದು ನಿಂತವನು. ಆದರೆ 1807ರಲ್ಲಿ ಕಾಯ್ದೆ ಆದದ್ದು ಹಡಗಿನಲ್ಲಿ ಮನುಷ್ಯರನ್ನು ಹೇಗೆ ತುಂಬುತ್ತಿದ್ದರು, ಎಷ್ಟು ಜನ ಸಾಯುತ್ತಿದ್ದರು ಎಂಬ ಸಾಕ್ಷ್ಯವನ್ನು ವರ್ಷಗಟ್ಟಲೆ ಎಲ್ಲರ ಮುಂದೆ ಇಟ್ಟ ಮೇಲೆ. ನೀವೂ ಹಾಗೆ ಮಾಡಬಹುದು. ಪ್ರೇರಣೆ ಚರ್ಚಿನಿಂದ ಬರಲಿ. ಕಾನೂನು ಕೇಳುವಾಗ ಮಾತ್ರ ಶಿರಸಿಯ ಹವ್ಯಕರಿಗೂ ಭಟ್ಕಳದ ನವಾಯತರಿಗೂ ಒಪ್ಪಿಸಬಹುದಾದ ಕಾರಣ ಕೊಡಿ.

ನಮ್ಮ ಸಂವಿಧಾನ ಸಭೆಯಲ್ಲೂ ಈ ಪ್ರಶ್ನೆ ಬಂದಿತ್ತು. 1949ರ ಅಕ್ಟೋಬರ್ 17ರಂದು ಮಂಗಳೂರು ಮೂಲದ ಎಚ್.ವಿ. ಕಾಮತ್ ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂದು ಕೇಳಿದರು. ಯಾವ ದೇವರು ಎಂದೂ ಅವರು ಹೇಳಿರಲಿಲ್ಲ. ಆದರೂ ಪರವಾಗಿ 41, ವಿರುದ್ಧ 68 ಮತ ಬಿದ್ದವು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಅದೇ ಪ್ರಸ್ತಾವನೆಯಲ್ಲಿ ಬರೆದು, ದೇವರ ಹೆಸರನ್ನು ಎಲ್ಲರ ಮೇಲೆ ಹಾಕುವುದು ಸರಿಯಲ್ಲ ಎಂದು ವಾದಿಸಿದವರು ಪಂಡಿತ ಹೃದಯನಾಥ ಕುಂಜ್ರು.

ಪ್ರಶ್ನೆ: ನನ್ನ ಮದುವೆಯನ್ನು ಚರ್ಚಿನ ನ್ಯಾಯಮಂಡಳಿ ಅಸಿಂಧು ಎಂದು ಹೇಳಿದೆ. ಮತ್ತೆ ಕೋರ್ಟಿಗೆ ಹೋಗಬೇಕಾ?
– ಹೊನ್ನಾವರದ ಓದುಗ

ಉತ್ತರ: ಹೋಗಲೇಬೇಕು. ಚರ್ಚಿನ ತೀರ್ಪಿನಿಂದ ಚರ್ಚಿನಲ್ಲಿ ಮರುಮದುವೆಗೆ ದಾರಿಯಾಗುತ್ತದೆ ಅಷ್ಟೇ. ಕಾನೂನಿನ ಲೆಕ್ಕದಲ್ಲಿ ನೀವಿನ್ನೂ ವಿವಾಹಿತರು. ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಚರ್ಚಿನ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕು ಎಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಹಾಕಿದ್ದ ಅರ್ಜಿಯೂ 2017ರಲ್ಲಿ ವಜಾ ಆಯಿತು. ಹಾಗೇ ಇನ್ನೊಂದು ಮದುವೆ ಆದರೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಇಬ್ಬರೂ ಒಪ್ಪಿದ್ದರೆ 1869ರ ಅದೇ ಕಾಯ್ದೆಯ ಕಲಂ 10ಎ ಅಡಿ ಜಂಟಿ ಅರ್ಜಿ ಹಾಕಿ. ಎರಡು ವರ್ಷ ಬೇರೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ, ಕರ್ನಾಟಕ ಹೈಕೋರ್ಟ್ ಅದನ್ನು ಒಂದು ವರ್ಷ ಎಂದೇ ಓದಬೇಕು ಎಂದಿದೆ. ವಕೀಲರನ್ನು ಕಾಣಲು ಹೋಗುವಾಗ ಮದುವೆಯ ದಾಖಲೆ, ಬೇರೆ ಇರುವುದಕ್ಕೆ ವಿಳಾಸದ ಪುರಾವೆ, ಚರ್ಚಿನ ತೀರ್ಪಿನ ಪ್ರತಿ ಮೂರನ್ನೂ ಜೊತೆಗಿಟ್ಟುಕೊಳ್ಳಿ.