ಮುಂಬೈನ ದಾದರ್‌ ಸ್ಟೇಷನ್‌ನಲ್ಲಿ ಒಂದು ಪ್ಲಾಟ್‌ಫಾರ್ಮ್ ಯಾಕೆ ಮುಚ್ಚಿದರು?

ಪ್ರಶ್ನೆ: ಅಣ್ಣಾ, ದಾದರ್‌ನಲ್ಲಿ ಕೆಲಸ ಮುಗಿಸಿ ದಿನಾ ಸಂಜೆ ಡೊಂಬಿವಲಿಗೆ ಹೋಗುತ್ತೇನೆ. ಸೆಂಟ್ರಲ್ ರೈಲ್ವೆ ಕಡೆಯ 2ನೇ ಪ್ಲಾಟ್‌ಫಾರ್ಮ್ ಮುಚ್ಚಿದ ಮೇಲೆ ಸೀಟೇ ಸಿಗುವುದಿಲ್ಲ. ಜನ ಜಾಸ್ತಿ ಆಗುವಾಗ ಪ್ಲಾಟ್‌ಫಾರ್ಮ್ ಹೆಚ್ಚಿಸಬೇಕಲ್ವಾ? ನಂಬರೂ ಬದಲಾಗಿವೆ. ಹುಬ್ಬಳ್ಳಿಯಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಅವರಿಗೆ ಏನು ಹೇಳಲಿ?
(ಓದುಗರು, ಡೊಂಬಿವಲಿ)

ಉತ್ತರ: ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ದಾದರ್‌ನಲ್ಲಿ ಕಡಿಮೆ ಇದ್ದದ್ದು ಕಾಲಿಡುವ ಜಾಗ. ಸಂಜೆ ಹೊತ್ತು ನೆನಪಿಸಿಕೊಳ್ಳಿ. ಲೋಕಲ್‌ನಿಂದ ಇಳಿದವರು ಮೆಟ್ಟಿಲಿನ ಕಡೆ ನುಗ್ಗುತ್ತಾರೆ, ಅದೇ ಸ್ಟೇಷನ್ನಿನ ವೆಸ್ಟರ್ನ್ ರೈಲ್ವೆ ಕಡೆಯಿಂದ ಬಂದವರು ಅದೇ ಮೆಟ್ಟಿಲಿಳಿದು ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಗಾಡಿಗೆ ಓಡುತ್ತಾರೆ, ಈ ಗುಂಪು ಕರಗುವ ಮೊದಲೇ ಮುಂದಿನ ಗಾಡಿ ಬಂದು ನಿಲ್ಲುತ್ತದೆ. ಇದೆಲ್ಲ 7 ಮೀಟರ್ ಅಗಲದಲ್ಲಿ! ಅದಕ್ಕೇ 2023ರ ಸೆಪ್ಟೆಂಬರ್ 15ರಂದು 2ನೆಯದನ್ನು ಮುಚ್ಚಿ, ಆ ಜಾಗ ಸೇರಿಸಿ 1ನೆಯದನ್ನು 10.5 ಮೀಟರಿಗೆ ಅಗಲ ಮಾಡಲು ಹೊರಟರು. ದಾದರ್‌ನಿಂದ ಹೊರಡುತ್ತಿದ್ದ ಲೋಕಲ್‌ಗಳು ಹಿಂದಿನ ಸ್ಟೇಷನ್ ಪರೇಲ್‌ನಿಂದಲೇ ಹೊರಡತೊಡಗಿದವು, ದಾದರ್‌ಗೆ ಖಾಲಿ ಬರುವುದಿಲ್ಲ. ನಿಮ್ಮ ಸೀಟು ಹೋದದ್ದು ಅಲ್ಲೇ. ದಿನವಿಡೀ ದುಡಿದವರಿಗೆ ಅದು ಸಣ್ಣ ಸಂಕಟವಲ್ಲ. ಆದರೂ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. 2017ರ ಸೆಪ್ಟೆಂಬರ್ 29ರ ಮಳೆಯಲ್ಲಿ, ಇಲ್ಲೇ ಪಕ್ಕದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಗಾಡಿ ಕಡಿಮೆಯಾಗಿ ಸತ್ತವರಲ್ಲ ಅವರು, ದಾರಿ ಸಾಲದೆ ಸತ್ತವರು.

ಮುಂಬೈ ಪಕ್ಕದ ಠಾಣೆ ಊರಿನ ಸ್ಟೇಷನ್‌ನಲ್ಲೂ ಇದೇ ಲೆಕ್ಕ. 2024ರ ಮೇ ಕೊನೆಯಲ್ಲಿ 63 ಗಂಟೆ ಬ್ಲಾಕ್ ತೆಗೆದುಕೊಂಡು (ಅಂದರೆ ಆ ಹಳಿಯಲ್ಲಿ ಗಾಡಿ ನಿಲ್ಲಿಸಿ), ಹಳಿಯನ್ನೇ ಪಕ್ಕಕ್ಕೆ ಸರಿಸಿ, ಮೊದಲೇ ಮಾಡಿಟ್ಟ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳನ್ನು ಜೋಡಿಸಿ 5ನೇ ಪ್ಲಾಟ್‌ಫಾರ್ಮನ್ನು ಎರಡು-ಮೂರು ಮೀಟರ್ ಹಿಗ್ಗಿಸಿದರು. ಮುಂಬೈ ಸ್ಟೇಷನ್ನನ್ನು ಆರು ತಿಂಗಳು ಬೀಗ ಹಾಕಿ ಕಟ್ಟಲಾಗುವುದಿಲ್ಲ ನೋಡಿ. ನನ್ನ ಕೇಳಿಕೆ ಒಂದೇ, ಹೀಗೆ ಕಷ್ಟಪಟ್ಟು ಅಗಲ ಮಾಡಿದ ಜಾಗದಲ್ಲಿ ದಯವಿಟ್ಟು ಮತ್ತೆ ಸ್ಟಾಲ್ ಇಡಬೇಡಿ.

ಇನ್ನು ನಂಬರ್ ವಿಷಯ. 2023ರ ಡಿಸೆಂಬರ್ 9ರಿಂದ 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ಮೊದಲು ಎರಡೂ ಕಡೆ 1ನೇ ನಂಬರ್ ಇತ್ತು, ಹೊಸಬರು ತಪ್ಪು ಕಡೆ ಹೋಗಿ ನಿಲ್ಲುತ್ತಿದ್ದರು. ಈಗ ಆ ಗೋಳಿಲ್ಲ. ಸೆಂಟ್ರಲ್‌ನ ಹಳೆಯ 1ನೆಯದೇ ಈಗ 8. ಲಗೇಜ್ ಇರುತ್ತದಲ್ಲ, ಅಪ್ಪ-ಅಮ್ಮನನ್ನು ಅಲ್ಲಿಂದ ಕಲ್ಯಾಣ್ ಕಡೆಯ ಸ್ಲೋ ಲೋಕಲ್‌ನಲ್ಲೇ ಕರೆದುಕೊಂಡು ಹೋಗಿ.