ಇನ್ಸುಲಿನ್ ತಗೊಳ್ಳುವವರು ಇಂಗ್ಲೆಂಡಿನಲ್ಲಿ ಲೈಸೆನ್ಸ್ ಮಾಡಿಸುವಾಗ

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ತಡವಾಯಿತು. ರಜೆಗೆ ನಾಪೋಕ್ಲು ಹತ್ತಿರ ಅಮ್ಮನ ಮನೆಗೆ ಬಂದಿದ್ದೇನೆ. ಜುಲೈ ಮಳೆ ಗೊತ್ತಲ್ಲ, ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ.

ಸೋಮವಾರಪೇಟೆಯಿಂದ ಲೆಸ್ಟರ್‌ಗೆ ಹೋಗಿ ಎರಡು ತಿಂಗಳಾಯಿತು, ಇನ್ಸುಲಿನ್ ತಗೊಳ್ಳುತ್ತೀಯ, ಅದನ್ನು ಹೇಳಿದರೆ ಲೈಸೆನ್ಸ್ ಮೇಲೆ ಕಾಯಿಲೆ ಹೆಸರು ಬರೆದುಬಿಡ್ತಾರಾ, ಕೊಡೋದೇ ಇಲ್ವಾ, ಸುಮ್ನೆ ಇದ್ದುಬಿಡಲಾ ಅಂತ ಕೇಳಿದ್ದೀಯ.

ಡಿವಿಎಲ್‌ಎಗೆ, ಅಂದರೆ ಅಲ್ಲಿ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಗೆ, ಹೇಳಲೇಬೇಕು. ನಾನೂ ಇನ್ಸುಲಿನ್ ಮೇಲೆ ಇರುವವಳೇ, ಬರ್ಮಿಂಗ್‌ಹ್ಯಾಮ್‌ನಲ್ಲಿ 14 ವರ್ಷದಿಂದ ದಿನಾ ಕಾರು ಓಡಿಸುತ್ತಿದ್ದೇನೆ. ಹೇಳಿದ್ದಕ್ಕೆ ನನ್ನ ಲೈಸೆನ್ಸ್ ಹೋಗಲಿಲ್ಲ. ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ ಇದೆ, ಆಕ್ಸಿಡೆಂಟ್ ಆದರೆ ಕೇಸೂ ಆಗಬಹುದು, ಇನ್ಶೂರೆನ್ಸ್‌ನವರೂ ಕೈ ಎತ್ತಬಹುದು.

ನಿನ್ನ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಕಡೆ ಲೈಸೆನ್ಸ್‌ಗೆ ಆರೋಗ್ಯದ ಬಗ್ಗೆ ಬರೆದುಕೊಡುವ ಫಾರಂ 1ರಲ್ಲಿ ಫಿಟ್ಸ್ ಬರುತ್ತದಾ, ತಲೆಸುತ್ತು ಬಂದು ಪ್ರಜ್ಞೆ ತಪ್ಪುತ್ತದಾ ಅಂತ ಕೇಳಿರುತ್ತಾರೆ. ಅಪ್ಪನ ಲೈಸೆನ್ಸ್ ರಿನ್ಯೂ ಮಾಡಿಸುವಾಗ ಡ್ರೈವಿಂಗ್ ಸ್ಕೂಲಿನವನು ಒಂದನ್ನೂ ಓದಿ ಹೇಳದೆ ಎಲ್ಲದಕ್ಕೂ ಇಲ್ಲ ಅಂತ ಬರೆದು, ಇಲ್ಲಿ ಸೈನ್ ಹಾಕಿ ಅಂದ. ಅದೇ ವರ್ಷ ಮಡಿಕೇರಿಯಿಂದ ಸುಳ್ಯಕ್ಕೆ ಹೊರಟಿದ್ದೆವು. ಅಪ್ಪ ಬೆಳಿಗ್ಗೆ ಇನ್ಸುಲಿನ್ ತಗೊಂಡಿದ್ದರು, ತಿಂಡಿ ಸಂಪಾಜೆಯಲ್ಲಿ ಮಾಡೋಣ ಅಂದಿದ್ದರು. ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಜೀಪು ಮೆಲ್ಲಗೆ ಬಲಕ್ಕೆ ಹೋಗತೊಡಗಿತು. ಅಪ್ಪಾ ಅಂದರೆ ಏನೋ ಸಂಬಂಧ ಇಲ್ಲದ ಮಾತು. ಅಂಗಿ ಪೂರ್ತಿ ಬೆವರಿಗೆ ಒದ್ದೆ. ಶುಗರ್ ಇಳಿದುಬಿಟ್ಟಿತ್ತು. ನಾನು ಹ್ಯಾಂಡ್‌ಬ್ರೇಕ್ ಎಳೆದೆ, ಚೀಲದಲ್ಲಿದ್ದ ಬೆಲ್ಲ ಬಾಯಿಗೆ ತುರುಕಿದೆ. ಅವರ ಲೈಸೆನ್ಸ್ ಮೇಲೆ ರಕ್ತದ ಗುಂಪು ಇತ್ತು, ಇನ್ಸುಲಿನ್ ವಿಷಯ ಎಲ್ಲೂ ಇರಲಿಲ್ಲ. ಅವತ್ತು ನಾನು ಪಕ್ಕದಲ್ಲಿ ಇರದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಇಂಗ್ಲೆಂಡಿನ ಕಾರ್ಡಿನ ಮೇಲೂ ಶುಗರ್ ಅಂತ ಬರೆಯುವುದಿಲ್ಲ. ಹಿಂದೆ ಸಣ್ಣ ಸಂಖ್ಯೆಗಳಿರುತ್ತವೆ, ಕನ್ನಡಕ ಬೇಕಾದವರಿಗೆ 01, ಆಟೋಮ್ಯಾಟಿಕ್ ಮಾತ್ರ ಓಡಿಸುವವರಿಗೆ 78, ಹೀಗೆ. ನಮ್ಮಂಥವರಿಗೆ ಅವಧಿ ಮಾತ್ರ ಕಡಿಮೆ, 1ರಿಂದ 3 ವರ್ಷ. ಮತ್ತೆ ಮತ್ತೆ ಫಾರಂ ತುಂಬಬೇಕು, ನಿಜ, ಆದರೆ ಆ ರಿನ್ಯೂವಲ್‌ಗೆ ದುಡ್ಡಿಲ್ಲ.

ಭಾರತದ ಲೈಸೆನ್ಸ್‌ನಲ್ಲಿ ನೀನು ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ನಮ್ಮದನ್ನು ಅಲ್ಲಿನದಕ್ಕೆ ಬದಲಾಯಿಸಿ ಕೊಡುವುದಿಲ್ಲ, ಥಿಯರಿ, ರೋಡ್ ಟೆಸ್ಟ್ ಎರಡೂ ಪಾಸಾಗಬೇಕು. ಅದಕ್ಕೆ ಮೊದಲು ಕಲಿಯುವವರಿಗೆ ಕೊಡುವ ಲೈಸೆನ್ಸ್, ಅಂದರೆ ಪ್ರೊವಿಜನಲ್‌ಗೆ ಹಾಕಬೇಕಲ್ವಾ, ಅಲ್ಲೇ ಆರೋಗ್ಯದ ಪ್ರಶ್ನೆ ಬರುತ್ತದೆ. ಇನ್ಸುಲಿನ್ ಅಂತ ಬರೆ. ಡಿವಿಎಲ್‌ಎಯವರು ಬೇಕಾದರೆ ನಿನ್ನ ಡಾಕ್ಟರನ್ನೂ ಕೇಳುತ್ತಾರೆ. ತಡವಾಗಬಹುದು, ಅದಕ್ಕೇ ಹನ್ನೊಂದನೇ ತಿಂಗಳವರೆಗೆ ಕಾಯಬೇಡ.

ಈಗ ಮುಖ್ಯ ವಿಷಯ, ಇದನ್ನು ಇವತ್ತಿನಿಂದಲೇ ಮಾಡು. ಅಲ್ಲಿ ಶುಗರ್ ಲೆಕ್ಕ ಬೇರೆ. ನಮ್ಮ 90 ಅವರಿಗೆ 5, ನಮ್ಮ 72 ಅವರಿಗೆ 4. ಕಾರು ಹತ್ತುವ ಮುಂಚೆ, ಅಂದರೆ 2 ಗಂಟೆಯೊಳಗೆ, ಚೆಕ್ ಮಾಡಿರಬೇಕು. ದೂರ ಹೋಗುವಾಗ ಪ್ರತಿ 2 ಗಂಟೆಗೊಮ್ಮೆ ಮತ್ತೆ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡು, 4ಕ್ಕಿಂತ ಕೆಳಗಿದ್ದರೆ ಓಡಿಸಲೇಬೇಡ. ದಾರಿಯಲ್ಲಿ ಶುಗರ್ ಇಳಿದರೆ ಕಾರು ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು, ಪಕ್ಕದ ಸೀಟಿಗೆ ಹೋಗಿ ಕೂತು ಸಿಹಿ ತಗೋ. ಶುಗರ್ 5ಕ್ಕೆ ಬಂದ ಮೇಲೂ 45 ನಿಮಿಷ ಕಾಯಬೇಕು. ನೆಟ್ಟಗಾದೆ ಅಂತ ನಿನಗೆ ಅನ್ನಿಸಿದರೂ ತಲೆ ಇನ್ನೂ ಸರಿ ಆಗಿರುವುದಿಲ್ಲ, ಅಪ್ಪ ಅವತ್ತು ಹತ್ತೇ ನಿಮಿಷಕ್ಕೆ ಕೀ ಕೊಡು ಅಂತ ಜಗಳ ಮಾಡಿದ್ದರು.

ಶುಗರ್ ನೋಡಲು ತೋಳಿಗೆ ಹಾಕುವ ಸೆನ್ಸರ್ 2019ರಿಂದ ಕಾರಿನವರಿಗೆ ನಡೆಯುತ್ತದೆ. ಆದರೂ ಬೆರಳು ಚುಚ್ಚುವ ಮೀಟರ್ ಜೊತೆಗಿರಲಿ. ಸೆನ್ಸರ್ 4 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ, ಇಲ್ಲಾ ಮೈ ನಡುಗಿದರೆ, ಬೆರಳಲ್ಲೇ ನೋಡಬೇಕು. ಕಿತ್ತಳೆ ಸುಲಿದ ಕೈಯಲ್ಲಿ ಮಾತ್ರ ಚುಚ್ಚಿಕೊಳ್ಳಬೇಡ, ರಸ ತಾಗಿ ಶುಗರ್ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ. ನಿದ್ದೆಯಲ್ಲಲ್ಲ, ಎಚ್ಚರ ಇರುವ ಹೊತ್ತಿನಲ್ಲಿ, ಬೇರೆಯವರ ಸಹಾಯ ಬೇಕೇ ಬೇಕು ಅನ್ನುವಷ್ಟು ಶುಗರ್ ಒಂದೇ ವರ್ಷದಲ್ಲಿ ಎರಡು ಸಲ ಇಳಿದರೆ, ಓಡಿಸುವುದು ನಿಲ್ಲಿಸಿ ಡಿವಿಎಲ್‌ಎಗೆ ತಿಳಿಸಲೇಬೇಕು. ಆಗ ಲೈಸೆನ್ಸ್ ಹೋಗಬಹುದು, ಸರಿಹೋದ ಮೇಲೆ ಮತ್ತೆ ಅರ್ಜಿ ಹಾಕಬಹುದು.

ಕಾರ್ಡು ನಿನ್ನ ಪರವಾಗಿ ಏನೂ ಹೇಳುವುದಿಲ್ಲ ಅಂದೆನಲ್ಲ, ಅದಕ್ಕೆ ಕೈಗೆ ಒಂದು ಪಟ್ಟಿ ಹಾಕಿಕೋ. ನನ್ನದು ಸ್ಟೀಲಿನದು, ಬಳೆ ಜೊತೆಗೇ ಇರುತ್ತದೆ, ಮೇಲೆ ಇನ್ಸುಲಿನ್ ಅಂತಲೂ ಮನೆಯವರ ಫೋನ್ ನಂಬರೂ ಕೊರೆಸಿದ್ದೇನೆ. ಗ್ಲೂಕೋಸ್ ಮಾತ್ರೆ ಡಿಕ್ಕಿಯಲ್ಲಿ ಬೇಡ, ಸೀಟ್ ಬೆಲ್ಟ್ ಬಿಚ್ಚದೆ ಕೈಗೆ ಸಿಗಬೇಕು, ಬಾಗಿಲ ಜೇಬಿನಲ್ಲಿಡು.

ಆಗಸ್ಟ್ ಕೊನೆಗೆ ವಾಪಸ್ ಹೋಗುತ್ತೇನೆ. ಅಷ್ಟರಲ್ಲಿ ಪ್ರೊವಿಜನಲ್‌ಗೆ ಹಾಕಿರು, ಆರೋಗ್ಯದ ಪುಟ ತುಂಬುವಾಗ ಏನಾದರೂ ಗೊಂದಲ ಆದರೆ ಮೆಸೇಜ್ ಮಾಡು, ಕರೆಂಟ್ ಇದ್ದರೆ ಅವತ್ತೇ ಉತ್ತರ ಕೊಡುತ್ತೇನೆ.