ಚೆಂಡೆ ಬಿಡಿಸಿದ್ರೆ ಸ್ಕಾಲರ್‌ಶಿಪ್ ಸಿಗುತ್ತಾ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಓದಿನಲ್ಲಿ ಚುರುಕು, ಕಬಡ್ಡಿ ಆಡುತ್ತಾಳೆ, ಚೆಂಡೆ ಕಲಿಯುತ್ತಿದ್ದಾಳೆ. ಕಾಲೇಜಿಗೆ ಸ್ಕಾಲರ್‌ಶಿಪ್ ಬೇಕಾದ್ರೆ ಅದನ್ನೆಲ್ಲ ಬಿಡಿಸಿ ಅಂತಾರೆ ನೆಂಟರು. ಏನು ಮಾಡಲಿ?
– ಒಬ್ಬ ತಾಯಿ, ಕಾಪು

ಉತ್ತರ: ದಯವಿಟ್ಟು ಬಿಡಿಸಬೇಡಿ. ನಮ್ಮ ಕಡೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡೆ, ಕಲೆಯಲ್ಲಿ ಮುಂದಿರುವ ಮಕ್ಕಳನ್ನು ದತ್ತು ಯೋಜನೆಯಲ್ಲಿ ಉಚಿತವಾಗಿ ಓದಿಸುತ್ತದೆ. ಉಡುಪಿಯ ಯಕ್ಷಗಾನ ಕಲಾರಂಗವೂ ವಿದ್ಯಾಪೋಷಕ್ ಎಂಬ ಯೋಜನೆಯ ಮೂಲಕ ಕಷ್ಟದಲ್ಲಿರುವ ಮಕ್ಕಳ ಓದಿಗೆ ನೆರವಾಗುತ್ತದೆ.

ಹಾಗಂತ ಮಾರ್ಕ್ಸ್ ಬೇಡ ಅಂತಲ್ಲ. ಕೇಂದ್ರ ಸರ್ಕಾರದ ಒಂದು ಸ್ಕಾಲರ್‌ಶಿಪ್ ಪದವಿಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಅದಕ್ಕೆ ದ್ವಿತೀಯ ಪಿಯುಸಿಯಲ್ಲಿ ಮೇಲಿನ 20 ಪರ್ಸೆಂಟೈಲ್ ಒಳಗೆ, ಅಂದ್ರೆ ಅಂಕದಲ್ಲಿ ನೂರಕ್ಕೆ ಮೊದಲ 20 ಮಂದಿಯೊಳಗೆ ಇರಬೇಕು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ಮೀರಬಾರದು, ಅಲ್ಲಿ ಕಬಡ್ಡಿ ಕಪ್ ಯಾರೂ ಕೇಳಲ್ಲ.

ಈಗಲೇ ಒಂದು ಕೆಲಸ ಮಾಡಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರ, ಇನಿಶಿಯಲ್ ಸಮೇತ ನೋಡಿ, ಯಾಕಂದ್ರೆ ಅಲ್ಲಿ ತಪ್ಪಿದ್ದರೆ ಅರ್ಜಿ ಸುಮ್ನೆ ನಿಂತುಬಿಡುತ್ತದೆ. ಆದಾಯ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಡಿ. ಆಟದ ಸರ್ಟಿಫಿಕೇಟುಗಳಿಗೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ ಅಲ್ವಾ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸ್ಕ್ಯಾನ್ ಕೂಡ ಮಾಡಿಸಿ.

ಪರೀಕ್ಷೆಯ ಎರಡು ತಿಂಗಳು ಚೆಂಡೆ ಕ್ಲಾಸು ವಾರಕ್ಕೊಂದು ಸಾಕು. ಗುರುಗಳಿಗೆ ಹೇಳಿ, ಖಂಡಿತ ಒಪ್ಪುತ್ತಾರೆ.